ನಮ್ಮಕ್ಕನ ಶಾಲಿಗೆ ಹೊಂದದ ಗುಲಾಬಿಗಳ ವಿಚಾರ

ಮದುವೆಗಳ ಮುಖ್ಯ ಹೊಂದಾಣಿಕೆದಾರರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ನನ್ನ, ನನ್ನ ಹೆಂಡತಿಯ ಮತ್ತು ತಮ್ಮ ದಯೆಯಿಂದ ಈಗ ಒಂದೇ ಬಣ್ಣಕ್ಕೆ ಬಂದು ನಿಂತಿರುವ ನಮ್ಮ ಇಡೀ ಬಂಧುಬಳಗದ ನಮಸ್ಕಾರಗಳನ್ನು ತಾವು ಸ್ವೀಕರಿಸಬೇಕು. ತಾವೂ, ತಮ್ಮ ಸಲಹೆಗಾರ್ತಿಯವರೂ, ಗಾಜಿನ ಬಾಗಿಲಿನ ಆ ತಣ್ಣನೆಯ ಕೋಣೆಯಲ್ಲಿ ಬಕೆಟ್ಟುಗಳೊಳಗೆ ಕಾಲಿಳಿಬಿಟ್ಟು ಕುಳಿತಿರುವ ಗುಲಾಬಿಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಬಿಳಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೇನೆ. ಈ ಎರಡು ಬಣ್ಣಗಳು ತಮ್ಮ ಮೇಜಿಗೆ ಹೊಂದದೆ ಹೋದರೆ ತಮ್ಮ ಮನಸ್ಸಿಗೆ ಎಷ್ಟು ನೋವಾದೀತೆಂದು ಬಲ್ಲೆ. ಆದರೆ ನಮ್ಮ ಮನೆಯಲ್ಲಿ ಸದ್ಯಕ್ಕೆ ಬಣ್ಣದಲ್ಲಿ ಅದ್ದಿಸಿ ತರದೆ ಉಳಿದಿರುವ ವಸ್ತುಗಳು ಇವೆರಡೇ.

ಇದನ್ನು ಖಾಸಗಿಯಾಗಿ ಬರೆಯದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದು ನೋಡಿದ್ದಾಯಿತು. ಅದಕ್ಕೆ ಉತ್ತರವಾಗಿ, ಒಣಗಿದ ಎಸಳೊಂದನ್ನು ಅಂಟಿಸಿದ, 'ನಿಮ್ಮ ಸಂತೋಷದಲ್ಲಿ ನಾವೂ ಭಾಗಿ' ಎಂದು ಅಚ್ಚು ಹಾಕಿದ ಚೆಂದದ ಕಾರ್ಡೊಂದು ಬಂತು. ಸಂತೋಷದಲ್ಲಿ ಭಾಗಿಯಾಗಲು ಇಷ್ಟು ಮುತುವರ್ಜಿ ವಹಿಸುವವರು ಸಂಕಟದಲ್ಲೂ ಒಂದು ಪಾಲು ತೆಗೆದುಕೊಂಡಾರೆಂಬ ಆಸೆಯಿಂದ ವಿಷಯವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ವಿಷಯ ಇಷ್ಟೇ. ಬರುವ ಭಾನುವಾರ ನನ್ನ ಒಬ್ಬಳೇ ಮಗಳ ಮದುವೆ. ಅವಳನ್ನು ಎತ್ತಿ ಆಡಿಸಿದ ನಮ್ಮಕ್ಕ ತಮ್ಮ ಸಂಸ್ಥೆಯ ದೆಸೆಯಿಂದ ಮದುವೆಗೆ ಬರುವುದಿಲ್ಲವೆಂದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದಾಳೆ. ಅತ್ತೆ ಬಾರದ ಮದುವೆಗೆ ತಾನೂ ಬರುವುದಿಲ್ಲವೆಂದು ನನ್ನ ಮಗಳು ಹೇಳಿದ್ದಾಳೆ. ವಧು ಬಾರದಿದ್ದರೆ ವರನೂ ಬರಲಾರನೆಂದು ನನ್ನ ಅಂದಾಜು. ಆಗ ಸಭಾಂಗಣದಲ್ಲಿ ಉಳಿಯುವುದು ತಮ್ಮ ಗುಲಾಬಿಗಳು, ಅವಕ್ಕೆ ಹೊಂದುವ ಕುರ್ಚಿಗಳು ಮತ್ತು ಆ ಕುರ್ಚಿಗಳಿಗೆ ಹೊಂದುವ ನಾನು. ಇಷ್ಟು ಅಚ್ಚುಕಟ್ಟಾದ ಮದುವೆಯನ್ನು ತಾವೂ ಹಿಂದೆ ನೋಡಿರಲಾರಿರಿ.

ನನ್ನ ಪರಿಚಯ ತಮಗೆ ಮರೆತಿರಬಹುದು. ಪೇಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು ನಾನು. ಜನರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಭಾರದ ಚೌಕಟ್ಟು ಏರಿಸಿ, ಒಂದಾದ ಮೇಲೊಂದು ಗಾಜು ಹಾಕಿ, 'ಮೊದಲಿನದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ?' ಎಂದು ಕೇಳುವುದೇ ನನ್ನ ಜೀವನದ ಕೆಲಸ. ನನ್ನ ಹೆಂಡತಿ ಅದೇ ಅಂಗಡಿಯಲ್ಲಿ ಚೌಕಟ್ಟುಗಳನ್ನು ನೋಡಿಕೊಳ್ಳುತ್ತಾಳೆ. ನಾವಿಬ್ಬರೂ ಊರವರ ಕಣ್ಣು ನೋಡುತ್ತಿದ್ದಾಗ ನಮ್ಮ ಮಗಳನ್ನು ನೋಡಿಕೊಂಡವಳು ನಮ್ಮಕ್ಕ. ಮಗಳು ಈಗ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು, ಮೈಯೆಲ್ಲ ಗ್ರೀಸು ಮಾಡಿಕೊಂಡು, ನಡುವೆ ಸಿಕ್ಕಿಕೊಂಡವರನ್ನು ಮೇಲಕ್ಕೋ ಕೆಳಕ್ಕೋ ತಲುಪಿಸುತ್ತಾಳೆ. ಅವಳ ಕೈ ಹಿಡಿಯಲಿರುವ ಹುಡುಗ ಬೇಕರಿಯವನು. ಅವನ ಅಂಗಡಿಯಿರುವ ಕಟ್ಟಡದ ಲಿಫ್ಟಿನಲ್ಲಿ ಅವನೇ ಬಿಸಿ ಬನ್ನುಗಳ ತಟ್ಟೆ ಹಿಡಿದು ಸಿಕ್ಕಿಕೊಂಡಿದ್ದಾಗ ಇಬ್ಬರಿಗೂ ಪರಿಚಯವಾಯಿತು. ಇವಳು ಬಾಗಿಲು ತೆರೆಯುವಷ್ಟರಲ್ಲಿ ಅವನು ಅರ್ಧ ತಟ್ಟೆ ಖಾಲಿ ಮಾಡಿದ್ದನಂತೆ. ಇಂಥ ಇಬ್ಬರಿಗೆ ಹೂವಿನ ಬಗ್ಗೆ ದೊಡ್ಡ ಅಭಿಪ್ರಾಯಗಳಿರಲಿಲ್ಲ ಎಂಬುದನ್ನು ತಾವು ನಂಬಬೇಕು.

ಮದುವೆಯ ಹೂವು, ಅಲಂಕಾರಗಳನ್ನು ವಹಿಸಿಕೊಡಲೆಂದು ತಮ್ಮ ಕಚೇರಿಗೆ ನಾವು ಮೊದಲು ಬಂದ ದಿನ ನನ್ನ ಮಗಳು ಹೇಳಿದ್ದು, "ಗುಲಾಬಿ ಇದ್ರೆ ಸಾಕು, ಚೆನ್ನಾಗಿರತ್ತೆ" ಎಂದಷ್ಟೇ. ತಮ್ಮ ಸಲಹೆಗಾರ್ತಿಯವರು ನಕ್ಕರು. ಡಾಕ್ಟರರ ಬಳಿ ಹೋಗಿ 'ಏನೋ ಒಂದು ಔಷಧಿ ಕೊಡಿ' ಎಂದವರನ್ನು ನೋಡಿ ಡಾಕ್ಟರು ನಗುವ ನಗು ಅದು. ಆಮೇಲೆ ಅವರು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಪಟ್ಟಿಯೊಂದನ್ನು ಮೇಜಿನ ಮೇಲೆ ಹರಡಿದರು. ಅದರಲ್ಲಿ 'ಮೊದಲ ನಾಚಿಕೆ', 'ಎರಡನೆಯ ನಾಚಿಕೆ', 'ಮುಂಜಾನೆಯ ಕೆನ್ನೆ', 'ಮೃದು ವಿನಂತಿ', 'ಮರುಟಪಾಲು' ಎಂದೆಲ್ಲ ಹೆಸರುಗಳಿದ್ದವು. ಎರಡನೆಯ ನಾಚಿಕೆಗೂ ಮೊದಲನೆಯದಕ್ಕೂ ಏನು ವ್ಯತ್ಯಾಸವೆಂದು ನನ್ನ ಹೆಂಡತಿ ಕೇಳಿದಾಗ, ಎರಡನೆಯ ಸಲ ನಾಚುವಾಗ ಅಷ್ಟು ಕೆಂಪಾಗುವುದಿಲ್ಲವೆಂದು ತಮ್ಮ ಸಲಹೆಗಾರ್ತಿ ವಿವರಿಸಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಕೊನೆಗೆ ಮಗಳು 'ಮುಂಜಾನೆಯ ಕೆನ್ನೆ'ಯನ್ನು ಆರಿಸಿದಳು. ನಿಜ ಹೇಳಬೇಕೆಂದರೆ ಅದು ಬಹಳ ಚೆಲುವಾದ ಬಣ್ಣ. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ; ನೋಡಿ ಸಂತೋಷಪಡುವ ಅವಕಾಶ ಮಾತ್ರ ಆ ದಿನದ ನಂತರ ಸಿಗಲಿಲ್ಲ.

ಈಗ ತಮ್ಮ ಸಂಸ್ಥೆಯ ಗೋಡೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಬರೆಸಿರುವ, ತಮ್ಮದೇ ಆವಿಷ್ಕಾರವೆಂದು ನಾನು ಕೇಳಿರುವ, ಆ ಮಹಾನ್ ನಿಯಮಕ್ಕೆ ಬರುತ್ತೇನೆ. 'ಕೊನೆಯ ಮಾದರಿಯೇ ಮಾದರಿ.' ಅಂದರೆ, ಹೂವಿಗೆ ಬಟ್ಟೆ ಹೊಂದಬೇಕು. ಆ ಬಟ್ಟೆಗೆ ಹೊಸ ಹೂವು ಹೊಂದಬೇಕು. ಹೊಸದು ಬಂದ ಕೂಡಲೇ ಹಳೆಯದನ್ನು ಕೌಂಟರಿನಲ್ಲಿ ಒಪ್ಪಿಸಿಬಿಡಬೇಕು. ಹಳೆಯದನ್ನು ಮನೆಯಲ್ಲಿ ಇಟ್ಟುಕೊಂಡರೆ ಮನಸ್ಸು ಹಿಂದಕ್ಕೆ ಜಗ್ಗುತ್ತದೆಂದು ತಮ್ಮ ಸಲಹೆಗಾರ್ತಿ ಹೇಳಿದರು. ಎಂಥ ಮಾತು! ನಾನು ಮನೆಗೆ ಬಂದು ಅದನ್ನು ಎರಡು ಸಲ ಹೇಳಿ ತೋರಿಸಿದೆ.

ಹಾಗೆ 'ಮುಂಜಾನೆಯ ಕೆನ್ನೆ'ಯ ಒಂದು ಗುಲಾಬಿಯನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ನಾನು ಬಸ್ಸು ಹತ್ತಿದೆ. ಬಟ್ಟೆಗೆ ಬಣ್ಣ ಹಾಕುವವರ ಶೆಡ್ಡು ಊರಿನ ಇನ್ನೊಂದು ತುದಿಯಲ್ಲಿದೆ ಎಂಬುದೂ, ಆ ಬಸ್ಸಿನ ಕಿಟಕಿಗಳು ತೆರೆಯುವುದಿಲ್ಲ ಎಂಬುದೂ ತಮಗೆ ತಿಳಿದಿರಲಾರದು. ಬಣ್ಣಗಾರರು ಹಬೆಯಾಡುವ ಹಂಡೆಗಳ ನಡುವೆ ನಿಂತು, ಮೊಣಕೈವರೆಗೆ ನೀಲಿಯಾದ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು, "ಇಟ್ಟಿರಿ, ಕೈಲಿರೋ ಕೆಲಸ ಮುಗಿಸಿ ನೋಡ್ತೀನಿ" ಎಂದರು. ಅವರ ಕೈಲಿದ್ದ ಕೆಲಸ ಮುಗಿಯುವ ಹೊತ್ತಿಗೆ ಹೂವಿನ ಆಯಸ್ಸೂ ಸುಮಾರಾಗಿ ಮುಗಿದಿತ್ತು. ಆದರೆ ಅವರು ಪ್ರಾಮಾಣಿಕರು. ಡಬ್ಬಿಯಲ್ಲಿ ಏನು ಕಂಡಿತೋ ಆ ಬಣ್ಣವನ್ನು ಎಳೆಎಳೆಯಾಗಿ ಮಗಳ ಉಡುಪಿನ ಬಟ್ಟೆಗೆ ತಂದುಕೊಟ್ಟರು. ಅಂಚಿನಲ್ಲಿ ಚೂರು ಸೊರಗಿದ್ದ ಆ ಬಟ್ಟೆಯನ್ನು ಹಿಡಿದು ನಾನು ತಮ್ಮಲ್ಲಿಗೆ ಬಂದೆ. ತಮ್ಮವರೂ ಪ್ರಾಮಾಣಿಕರು. ಬಟ್ಟೆಗೆ ಸರಿಯಾಗಿ ಹೊಂದುವ, ಅಷ್ಟೇ ಸೊರಗಿದ ಗುಲಾಬಿಯೊಂದನ್ನು ಹುಡುಕಿ ಕೈಗಿಟ್ಟು, ಹಳೆಯ ಹೂವನ್ನು ವಶಕ್ಕೆ ತೆಗೆದುಕೊಂಡರು. ಆ ಸೊರಗಿದ ಹೂವು ಮೇಜುಬಟ್ಟೆಗಳಿಗೆ ಮಾದರಿಯಾಗಿ ಅದೇ ಬಸ್ಸಿನಲ್ಲಿ, ಅದೇ ಡಬ್ಬಿಯಲ್ಲಿ, ಅದೇ ಹಂಡೆಗಳ ಹಬೆಗೆ ಹೋಯಿತು.

ಹೀಗೆ ಮೇಜುಬಟ್ಟೆ, ಆಮೇಲೆ ಪರದೆ, ಆಮೇಲೆ ಕುರ್ಚಿಗಳ ಬೆನ್ನಿಗೆ ಕಟ್ಟುವ ರಿಬ್ಬನ್ನು, ಆಮೇಲೆ ವರನ ಸೂಟು. ಪ್ರತಿ ಸುತ್ತಿನಲ್ಲೂ ಹಿಂದಿನದೆಲ್ಲ ಹೊಸ ಮಾದರಿಗೆ ಹೊಂದಬೇಕಾದ್ದರಿಂದ ಮಗಳ ಮದುವೆಯ ಉಡುಪೂ ಮತ್ತೆ ಮತ್ತೆ ಹಂಡೆಗೆ ಇಳಿಯಿತು. ಬಣ್ಣ ಹಾಕುವ ಕಸುಬಿನಲ್ಲಿ ಗಾಢದ ಕಡೆಗೆ ಹೋಗುವ ದಾರಿ ಬಹಳ ಸಲೀಸು, ಹಿಂದಕ್ಕೆ ಬರುವ ದಾರಿ ಇಲ್ಲ ಎಂಬುದನ್ನು ನಾನು ಈ ನೆಪದಲ್ಲಿ ಕಲಿತೆ. ಮುಂಜಾನೆಯ ಕೆನ್ನೆ ಮಧ್ಯಾಹ್ನವಾಯಿತು, ಮಧ್ಯಾಹ್ನ ಸಾಯಂಕಾಲವಾಯಿತು, ಈಗ ಅದು ಹಾಲು ಸಾಲದೆ ಬಂದ ಚಹಾದ ಬಣ್ಣಕ್ಕೆ ತಲುಪಿ, ಅಲ್ಲಿ ನೆಮ್ಮದಿಯಾಗಿ ನೆಲೆಸಿದೆ. ಆ ಬಣ್ಣದ ಗುಲಾಬಿ ಗಿಡದಲ್ಲಿ ಬಿಡುವುದಿಲ್ಲವಾದ್ದರಿಂದ ತಮ್ಮ ಸಂಸ್ಥೆಯು ತಾಜಾ ಹೂಗಳನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು, ನುರಿತ ಸಿಬ್ಬಂದಿಯಿಂದ ಹದವಾಗಿ ಬಾಡಿಸುತ್ತದೆಂದು ತಿಳಿದು ಮೂಕನಾದೆ. ನಮ್ಮ ಮನೆಯ ಹೂದಾನಿಯಲ್ಲಿ ಈ ಕೆಲಸ ಯಾರ ನೆರವೂ ಇಲ್ಲದೆ ತನ್ನಷ್ಟಕ್ಕೆ ನಡೆಯುತ್ತದೆ; ಅದರ ಹಿಂದೆ ಇಷ್ಟು ಪರಿಣತಿ ಬೇಕೆಂದು ನಮಗೆ ಗೊತ್ತಿರಲಿಲ್ಲ.

ಇದನ್ನು ಓದುತ್ತಿರುವ ಸಾರ್ವಜನಿಕರು, 'ಅಲ್ಲಯ್ಯಾ, ನಿನಗೆ ಕಣ್ಣಿರಲಿಲ್ಲವೇ?' ಎಂದು ಕೇಳಬಹುದು. ಇತ್ತು. ಅದೂ ತರಬೇತಾದ ಕಣ್ಣು. ಅಲ್ಲೇ ಎಡವಟ್ಟಾದದ್ದು. ಎರಡನ್ನು ಪಕ್ಕಪಕ್ಕದಲ್ಲಿಟ್ಟು, ಮೊದಲಿನದಕ್ಕೂ ಇದಕ್ಕೂ ಏನಾದರೂ ಫರಕಿದೆಯೇ ಎಂದು ನೋಡುವುದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ಪೇಟೆಯಲ್ಲಿಲ್ಲ. ಮೊದಲಿನದರ ಮೊದಲಿನದು ಏನಾಗಿತ್ತೆಂದು ಕೇಳುವುದು ನನ್ನ ಕಸುಬಿನಲ್ಲಿಲ್ಲ. ನನ್ನ ಹೆಂಡತಿ ನಡುವೆ ಒಮ್ಮೆ, "ರೀ, ಯಾಕೋ ಮಂಕಾಗ್ತಾ ಇದೆ ಅನಿಸಲ್ವಾ?" ಎಂದಳು. ನಾನು ಹೂವನ್ನೂ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಅವಳಿಗೆ ಸಾಧಿಸಿ ತೋರಿಸಿದೆ. ಅವಳು ಬಾಯಿ ಮುಚ್ಚಿಕೊಂಡಳು. ನಮ್ಮ ಸಂಸಾರದಲ್ಲಿ ಇದು ಆಗಾಗ ನಡೆಯುವ ಸಂಗತಿಯಲ್ಲವಾದ್ದರಿಂದ ನಾನು ಆಗಲೇ ಹೆದರಬೇಕಿತ್ತು.

ತಮ್ಮ ಹೊಂದಾಣಿಕೆಯ ವ್ಯಾಪ್ತಿ ಬಟ್ಟೆಗಷ್ಟೇ ನಿಲ್ಲಲಿಲ್ಲವೆಂಬುದನ್ನೂ ಕೃತಜ್ಞತೆಯಿಂದ ನೆನೆಯಬೇಕು. ಕೇಕಿನ ಬಣ್ಣವೂ ಮಾದರಿಗೆ ಹೊಂದಬೇಕೆಂದು ತಮ್ಮ ಸಲಹೆಗಾರ್ತಿ ವರನಿಗೆ ಒಂದು ಎಸಳು ಕೊಟ್ಟು ಕಳಿಸಿದರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೆಲ್ಲಗೆ ನನ್ನ ಕಿವಿಯಲ್ಲಿ, "ಮಾವ, ಇದಕ್ಕೆ ಬಣ್ಣ ಏನೂ ಬೇಡ, ಒಲೆಯಿಂದ ತೆಗೆಯೋದು ಸ್ವಲ್ಪ ತಡ ಮಾಡಿದ್ರಾಯ್ತು" ಎಂದ. ಒಳ್ಳೆಯ ಹುಡುಗ, ದೂರು ಹೇಳುವ ಜಾತಿಯವನಲ್ಲ. ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದ, ತನ್ನ ಮೀಸೆಗೆ ಬಳಿದುಕೊಳ್ಳುವ ಬಣ್ಣ ಮಾತ್ರ ಮಾದರಿಗೆ ತಾನಾಗಿಯೇ ಹೊಂದಿಬಿಟ್ಟಿತು. ತಮ್ಮ ಸಲಹೆಗಾರ್ತಿ ಅವನ ಮೂಗಿನ ಕೆಳಗೆ ಎಸಳು ಹಿಡಿದು ನೋಡಿ, "ಇವರನ್ನ ಮುಂದೆ ಕೂರಿಸಿ" ಎಂದು ಆಜ್ಞೆ ಮಾಡಿದರು. ನಮ್ಮ ಮನೆಯ ಯಾವ ಸಮಾರಂಭದಲ್ಲೂ ಯಾರೂ ಮುಂದೆ ಕೂರಿಸದ ಆ ಮನುಷ್ಯನ ನಡಿಗೆಯೇ ಅಂದಿನಿಂದ ಬದಲಾಗಿದೆ. ಅವನಿಗೆ ಈ ಭಾಗ್ಯ ಕರುಣಿಸಿದ್ದಕ್ಕೆ ನಾನು ತಮ್ಮನ್ನು ಸುಲಭವಾಗಿ ಕ್ಷಮಿಸಲಾರೆ.

ಉಳಿದದ್ದು ಮಗಳ ಕನ್ನಡಕ. ಅವಳದು ಬಾಲ್ಯದಿಂದಲೂ ಮಂದ ಕಣ್ಣು. ಕಣ್ಣೊಳಗೆ ಹಾಕುವ ಲೆನ್ಸು ಅವಳಿಗೆ ಒಗ್ಗುವುದಿಲ್ಲ. ನಾನೇ ಕೈಯಾರೆ ಕೂರಿಸಿಕೊಟ್ಟ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಹಾಕಿಕೊಂಡೇ ಅವಳು ಅಷ್ಟೆತ್ತರದ ಕಟ್ಟಡಗಳಲ್ಲಿ ನೇತಾಡಿ ದುಡಿಯುತ್ತಾಳೆ. ತಮ್ಮ ಸಲಹೆಗಾರ್ತಿಯವರಿಗೆ ಆ ಕಪ್ಪು ಗೆರೆ ಹೂವಿನ ಕಮಾನಿನ ಶಾಂತಿಯನ್ನು ಕದಡುತ್ತದೆ ಅನಿಸಿತು. ಮದುವೆಯ ಹೊತ್ತಿಗೆ ಅಭ್ಯಾಸವಾಗಲೆಂದು, ಉಡುಪು ತೊಡಿಸಿ ನೋಡುವಾಗಲೆಲ್ಲ ಕನ್ನಡಕ ತೆಗೆಸಿ ಬುಟ್ಟಿಯಲ್ಲಿ ಇಡಿಸಿದರು. ಪರಿಣಾಮವಾಗಿ, ತನ್ನ ಮದುವೆಯ ಹೂಗಳು ಯಾವ ಬಣ್ಣಕ್ಕೆ ಬಂದಿವೆ ಎಂಬುದನ್ನು ನೋಡದೆ ಉಳಿದಿದ್ದವಳು ಇಡೀ ಕುಟುಂಬದಲ್ಲಿ ವಧು ಒಬ್ಬಳೇ. ಕನ್ನಡಕದ ಅಂಗಡಿಯವನ ಮಗಳಿಗೆ ಕನ್ನಡಕ ತೆಗೆಸುವಾಗ ಕನ್ನಡಕದ ಅಂಗಡಿಯವನು ಪಕ್ಕದಲ್ಲೇ ನಿಂತು ತಲೆಯಾಡಿಸಿದ ಎಂಬುದನ್ನು ತಾವು ತಮ್ಮ ಸಾಧನೆಗಳ ಪಟ್ಟಿಯಲ್ಲಿ ಧಾರಾಳವಾಗಿ ಸೇರಿಸಿಕೊಳ್ಳಬಹುದು.

ಮೊನ್ನೆ ಸಭಾಂಗಣದಲ್ಲಿ ಪೂರ್ವಾಭ್ಯಾಸ ನಡೆಯಿತಷ್ಟೆ. ಗೋಡೆಯಿಂದ ಗೋಡೆಗೆ ಒಂದೇ ಬಣ್ಣ. ಪರದೆ, ಮೇಜು, ಕುರ್ಚಿ, ಕಮಾನು, ಬಂಧುಗಳು, ಎಲ್ಲವೂ ಒಂದರೊಳಗೊಂದು ಕರಗಿ, ಯಾರು ಎಲ್ಲಿ ಮುಗಿದು ಯಾವ ಪರದೆ ಎಲ್ಲಿ ಶುರುವಾಗುತ್ತದೆಂದು ನನ್ನ ಒಳ್ಳೆಯ ಕಣ್ಣಿಗೇ ತಿಳಿಯುತ್ತಿರಲಿಲ್ಲ. ಸಂಗೀತ ಶುರುವಾಯಿತು. ಮಗಳು ಕನ್ನಡಕವಿಲ್ಲದೆ, ಕೈಯಲ್ಲಿ ಬಾಡಿದ ಗುಲಾಬಿಗಳ ಗೊಂಚಲು ಹಿಡಿದು, ನಡುವಿನ ದಾರಿಯಲ್ಲಿ ಧೈರ್ಯವಾಗಿ ನಡೆದು ಬಂದಳು. ಹೊಂದಾಣಿಕೆಯ ಸೂಟು ತೊಟ್ಟು ಹೊಂದಾಣಿಕೆಯ ಪರದೆಯ ಮುಂದೆ ನಿಂತಿದ್ದ ವರನನ್ನು ದಾಟಿ ಹೋದಳು. ದಾಟಿ, ಪರದೆಯ ಒಂದು ಮಡಿಕೆಯ ಮುಂದೆ ನಿಂತು, ಅದರ ಕಡೆಗೆ ಕೈ ಚಾಚಿ ನಕ್ಕಳು. ಅಷ್ಟು ಪ್ರೀತಿಯ ನಗೆಯನ್ನು ಒಂದು ಪರದೆ ಪಡೆದದ್ದು ಅದೇ ಮೊದಲಿರಬೇಕು. ವರ ಪಾಪ, "ನಾನಿಲ್ಲಿದ್ದೀನಿ" ಎಂದು ಪಿಸುಗುಟ್ಟಿದ. ಸಂಗೀತದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆಗ ಬಾಗಿಲಲ್ಲಿ ನಮ್ಮಕ್ಕ ಕಾಣಿಸಿಕೊಂಡಳು. ನಮ್ಮಕ್ಕ ಬಸ್ ಕಂಡಕ್ಟರಾಗಿ ನಿವೃತ್ತಳಾದವಳು. ಅವಳ ದನಿ ಇನ್ನೂ ನಿವೃತ್ತವಾಗಿಲ್ಲ. ಅವಳ ಹೆಗಲ ಮೇಲೆ ಅವಳು ಎಲ್ಲಿಗೇ ಹೋದರೂ ಹೊದ್ದುಕೊಂಡು ಹೋಗುವ ಕಿತ್ತಳೆ ಬಣ್ಣದ ಶಾಲು. ಅದು ಕಣ್ಣು ಕುಕ್ಕುವ ಕಿತ್ತಳೆ, ನಾನು ಸುಳ್ಳು ಹೇಳುವುದಿಲ್ಲ. ಅದನ್ನು ಅವಳು ಕೊಂಡದ್ದಕ್ಕೆ ಕಾರಣವುಂಟು: ಮಗು ಶಾಲೆಗೆ ಸೇರಿದ ಹೊಸದರಲ್ಲಿ, ಅದಕ್ಕೆ ಕಣ್ಣು ಕಾಣಿಸುವುದಿಲ್ಲವೆಂದು ಕಣ್ಣು ಪರೀಕ್ಷೆ ಮಾಡುವ ಅಪ್ಪನಿಗೆ ಇನ್ನೂ ಗೊತ್ತಾಗಿರದ ಕಾಲದಲ್ಲಿ, ಗೇಟಿನ ಬಳಿಯ ಗುಂಪಿನಲ್ಲಿ ಅದು ಅತ್ತೆಯನ್ನು ಗುರುತಿಸಲಾರದೆ ಅಳುತ್ತಿತ್ತು. ಅಕ್ಕ ಯಾರಿಗೂ ಏನೂ ಹೇಳದೆ ಆ ಶಾಲು ತಂದಳು. ಮರುದಿನದಿಂದ ಮಗು ಗೇಟು ದಾಟಿದ್ದೇ ನೇರ ಅವಳ ಕಡೆಗೆ ಓಡತೊಡಗಿತು. ಪೂರ್ವಾಭ್ಯಾಸದ ದಿನವೂ ಅದೇ ಆಯಿತು. ಅಕ್ಕ ಒಳಗೆ ಬಂದು ಮೊದಲ ಸಾಲಿನಲ್ಲಿ ಕುಳಿತು, "ಆ ಕಡೆ ಅಲ್ಲ ಕಣೇ, ಈ ಕಡೆ, ನನ್ನ ನೋಡ್ಕೊಂಡು ಬಾ" ಎಂದು ಕೂಗಿದಳು. ಮಗಳು ಪರದೆಯನ್ನು ಬಿಟ್ಟು ತಿರುಗಿ, ಆ ಕಿತ್ತಳೆ ಬಣ್ಣವನ್ನು ಹಿಡಿದು ನಡೆದು, ಅದರ ಎದುರಿಗಿದ್ದ ವರನನ್ನು ಸರಿಯಾಗಿ ತಲುಪಿದಳು.

ಇಡೀ ಸಭಾಂಗಣದಲ್ಲಿ ಕೆಲಸಕ್ಕೆ ಬಂದ ಬಣ್ಣ ಅದೊಂದೇ, ಮಾನ್ಯರೇ. ಆದರೆ ಅದು ಮಾದರಿಗೆ ಹೊಂದುತ್ತಿರಲಿಲ್ಲ. ತಮ್ಮ ಸಲಹೆಗಾರ್ತಿ ಹೂವಿನಷ್ಟೇ ಮೃದುವಾಗಿ ಅಕ್ಕನ ಬಳಿ ಬಂದು, "ಅಮ್ಮಾ, ಬೇಜಾರು ಮಾಡ್ಕೋಬೇಡಿ, ಫೋಟೋದಲ್ಲಿ ಎದ್ದು ಕಾಣತ್ತೆ. ಹಿಂದಿನ ಸಾಲಲ್ಲಿ ಆ ಕಂಬದ ಮರೆಗೆ ಕೂತ್ಕೊಂಡ್ರೆ ಎಲ್ಲರಿಗೂ ಅನುಕೂಲ" ಎಂದರು. ಮೊದಲ ಸಾಲಿನಲ್ಲಿ ನನ್ನ ಭಾವಮೈದ ಮೀಸೆ ತೀಡಿಕೊಂಡ. ಅಕ್ಕ ಎದ್ದು, ಶಾಲು ಸರಿಪಡಿಸಿಕೊಂಡು, "ಹಿಂದಿನ ಸೀಟಿಗೆ ಟಿಕೆಟ್ ಹರಿದು ಕೊಟ್ಟು ಗೊತ್ತು ನನಗೆ, ಕೂತು ಗೊತ್ತಿಲ್ಲ" ಎಂದು ಹೇಳಿ ಹೊರಟುಹೋದಳು. ಬಾಯಿ ಬಿಡಬೇಕಾಗಿದ್ದ ನಾನು, ಬಾಡಿದ ಕಮಾನಿನ ಕೆಳಗೆ ಹೊಂದಾಣಿಕೆಯ ಟೈ ಕಟ್ಟಿಕೊಂಡು, ಕಮಾನಿನಷ್ಟೇ ಮಾತಾಡಿದೆ.

ಮಗಳು ಮಾತ್ರ ಬುಟ್ಟಿಗೆ ಕೈಹಾಕಿ ಕನ್ನಡಕ ತೆಗೆದು ಹಾಕಿಕೊಂಡಳು. ಸುತ್ತ ಒಮ್ಮೆ ನೋಡಿದಳು. ಕೈಯಲ್ಲಿದ್ದ ಗೊಂಚಲನ್ನು ಮುಖದ ಹತ್ತಿರ ತಂದು ನೋಡಿದಳು. ಆಮೇಲೆ ಬಹಳ ಕಾಳಜಿಯಿಂದ, "ಅಪ್ಪಾ, ಹೂವೆಲ್ಲ ಸತ್ತುಹೋಗಿದೆಯಲ್ಲ, ಯಾರೂ ನೋಡ್ಲಿಲ್ವಾ?" ಎಂದು ಕೇಳಿದಳು. ತಮ್ಮ ಸಲಹೆಗಾರ್ತಿ ಕೊನೆಯ ಮಾದರಿಯನ್ನು ತೆಗೆದು ಹೂವಿನ ಪಕ್ಕದಲ್ಲಿಟ್ಟು, ಅವೆರಡೂ ಹೇಗೆ ಒಂದೇ ಆಗಿವೆ ಎಂಬುದನ್ನು ತೋರಿಸಲು ಹೊರಟರು. ಎಂಥ ಕರ್ತವ್ಯನಿಷ್ಠೆ! ಮಗಳು ಗೊಂಚಲನ್ನು ಅವರ ಕೈಗಿಟ್ಟು, ಅತ್ತೆಯ ಹಿಂದೆ ಓಡಿದಳು.

ಆದ್ದರಿಂದ ಮಾನ್ಯರೇ, ತಮ್ಮಂಥ ಸಮರ್ಥರಿಗೆ ಕಷ್ಟವಾಗಲಾರದ ಕೆಲವು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ತಮ್ಮಲ್ಲಿ ಒಪ್ಪಿಸಿಕೊಂಡಿರುವ ಹಳೆಯ ಮಾದರಿಗಳನ್ನೆಲ್ಲ ಹುಡುಕಿ ತೆಗೆದು, ನಮ್ಮ ಬಟ್ಟೆಗಳನ್ನೂ ನಮ್ಮನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ದು, ಆ ಮೊದಲ ದಿನದ ಕೆನ್ನೆಯ ಬಳಿ ಬಿಟ್ಟುಬರಬೇಕು. ಅದು ಆಗದಿದ್ದರೆ, ಈ ಪತ್ರದ ಜೊತೆ ನಮ್ಮಕ್ಕನ ಶಾಲಿನಿಂದ ಉದುರಿದ ಒಂದು ಎಳೆಯನ್ನು ಅಂಟಿಸಿದ್ದೇನೆ. ತಮ್ಮ ಗೋಡೆಯ ಚಿನ್ನದ ಅಕ್ಷರಗಳ ಪ್ರಕಾರ ಈಗ ಇದೇ ಕೊನೆಯ ಮಾದರಿ. ಭಾನುವಾರದೊಳಗೆ ಗುಲಾಬಿ, ಪರದೆ, ಕುರ್ಚಿ, ಕಮಾನು, ಕೇಕು ಮತ್ತು ನನ್ನ ಭಾವಮೈದನ ಮೀಸೆಯನ್ನು ಇದಕ್ಕೆ ಹೊಂದಿಸಿ ಕೊಡತಕ್ಕದ್ದು. ಮೀಸೆಯ ಕೆಲಸವನ್ನು ತಾವೇ ಖುದ್ದಾಗಿ ಮಾಡುವುದಾದರೆ ನಾನು ಅವನನ್ನು ಹಿಡಿದುಕೊಳ್ಳಲು ಸಿದ್ಧನಿದ್ದೇನೆ.

ಇವೆರಡೂ ಆಗದಿದ್ದಲ್ಲಿ ಮೂರನೆಯದೊಂದು ಬಿನ್ನಹವಿದೆ. ನಿಜಕ್ಕೂ ಇದೊಂದಕ್ಕಾಗಿಯೇ ಇಷ್ಟುದ್ದ ಬರೆದೆ. ತಾವು ನಮ್ಮ ಮನೆಗೆ ಬಂದು ನಮ್ಮಕ್ಕನನ್ನು ಮದುವೆಗೆ ಕರೆಯಬೇಕು. ಅವಳು ಕ್ಷಮೆ ಕೇಳಿಸಿಕೊಳ್ಳುವ ಹೆಂಗಸಲ್ಲ. ಕರೆದರೆ ಬರುವವಳು, ದೂಡಿದರೆ ಬಾರದವಳು. ನಾನು ಕರೆದು ನೋಡಿದೆ. ಪೂರ್ವಾಭ್ಯಾಸದ ದಿನ ಎಲ್ಲಿ ಹೋಗಿತ್ತು ಈ ಬಾಯಿ ಎಂದು ಬಾಗಿಲಾಚೆಯಿಂದ ಕೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು, ಅದು ತಮ್ಮ ಪಟ್ಟಿಯಲ್ಲಿರುವ ಯಾವ ನಾಚಿಕೆಯೂ ಅಲ್ಲ. ನನ್ನ ಹೆಂಡತಿ ಕರೆದಳು. ವರ ಬಂದು, ಬಾಗಿಲ ಸಂದಿಯಿಂದ ವಾಸನೆ ಒಳಗೆ ಹೋಗಲೆಂದು ಬಿಸಿ ಬ್ರೆಡ್ಡು ಹಿಡಿದು ನಿಂತ. ಅಕ್ಕ ಬಾಗಿಲನ್ನು ಒಂದಿಷ್ಟು ತೆರೆದು, ಬ್ರೆಡ್ಡು ತೆಗೆದುಕೊಂಡು, ಮತ್ತೆ ಹಾಕಿಕೊಂಡಳು.

ಕೊನೆಗೆ ಇವತ್ತು ಬೆಳಗ್ಗೆ ಮಗಳು ಕೆಲಸದ ಬಟ್ಟೆಯಲ್ಲೇ ಬಂದು, ಉಪಕರಣದ ಪೆಟ್ಟಿಗೆಯನ್ನು ಕೆಳಗಿಟ್ಟು, ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಸಿಕ್ಕಿಕೊಂಡ ಬಾಗಿಲುಗಳನ್ನು ತೆರೆಯುವುದು ಅವಳ ಕಸುಬು. ಆದರೂ ಪೆಟ್ಟಿಗೆಯ ಮುಚ್ಚಳವನ್ನೂ ಅವಳು ಎತ್ತಲಿಲ್ಲ. "ಅತ್ತೆ," ಎಂದಳು, "ನೀನು ಬರದಿದ್ರೆ ನಾನು ಯಾವ ಕಡೆ ನಡೀಬೇಕು ಅಂತ ನಂಗೆ ಗೊತ್ತಾಗಲ್ಲ." ಒಳಗಿನಿಂದ ಅದೇ ಕಂಡಕ್ಟರ್ ದನಿ, "ಕನ್ನಡಕ ಹಾಕ್ಕೊ, ಗೊತ್ತಾಗತ್ತೆ" ಎಂದಿತು. ಮಗಳು ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು, "ಹಾಕ್ಕೊಂಡೇ ಹೇಳ್ತಿದ್ದೀನಿ" ಎಂದಳು. ನಾನು ಅಡುಗೆಮನೆಗೆ ಹೋಗಿ ನನ್ನದೇ ಕನ್ನಡಕ ಒರೆಸಿಕೊಂಡು ಬಂದೆ. ಬಂದಾಗಲೂ ಬಾಗಿಲು ಹಾಕಿಯೇ ಇತ್ತು, ಅವಳು ಅಲ್ಲೇ ಕುಳಿತಿದ್ದಳು. ಅದಕ್ಕೇ ಈ ಪತ್ರ ಬರೆಯಲು ಕುಳಿತೆ. ದಯಮಾಡಿ ಬನ್ನಿ. ಯಾವ ಬಣ್ಣದ ಬಟ್ಟೆಯಲ್ಲಾದರೂ ಬನ್ನಿ.

ಇನ್ನೂ ಪೂರ್ತಿ ಬಾಡದೆ, ಉತ್ತರದ ಹಾದಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ವಧುವಿನ ತಂದೆ ಮತ್ತು ಅಕ್ಕನ ತಮ್ಮ

ವಿ.ಸೂ: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದು, ನೆಲದ ಮೇಲಿದ್ದವಳಿಗೆ, "ಎದ್ದೇಳು, ಕೆಲಸಕ್ಕೆ ತಡ ಆಗತ್ತೆ" ಎಂದು ಹೇಳಿ, ಅವಳ ಬೆನ್ನ ಮೇಲಿನ ಧೂಳು ಕೊಡವಿ, ನನ್ನ ಕೈಯಿಂದ ಈ ಪತ್ರ ಕಿತ್ತುಕೊಂಡು ನಿಂತಲ್ಲೇ ಪೂರ್ತಿ ಓದಿದಳು. ಭಾನುವಾರ ಬರುತ್ತಾಳಂತೆ, ಮುಂದಿನ ಸಾಲಿಗೆ. ತಮ್ಮ ವಿಷಯದಲ್ಲಿ ಮಾತ್ರ, "ಅವರನ್ನ ಕರೆಯೋಕೆ ನಿನಗೇನು ಬಂದಿತ್ತು ರೋಗ? ಅವರು ಬಂದ್ರೆ ನಾನು ಬರಲ್ಲ" ಎಂದಿದ್ದಾಳೆ. ಆದಕಾರಣ ಮೇಲಿನ ಆಹ್ವಾನವನ್ನು ರದ್ದೆಂದು ತಿಳಿದು, ಭಾನುವಾರ ತಾವು ದಯವಿಟ್ಟು ತಮ್ಮ ಮನೆಯಲ್ಲೇ ಸುಖವಾಗಿರಬೇಕು. ಗುಲಾಬಿಗಳನ್ನು ಮಾತ್ರ ಕಳಿಸಿಕೊಡಿ, ಬಾಡಿಸುವ ಕೋಣೆಗೆ ಹೋಗುವ ಮೊದಲೇ, ಯಾವ ಬಣ್ಣದವಾದರೂ ಸರಿ. ಅವುಗಳ ಮೇಲೆ ನಮಗೇನೂ ದೂರಿಲ್ಲ.